ಅಡುಗೆಯ ಅನಿಲ: ಮಿತವ್ಯಯವೂ ಆರೋಗ್ಯವೂ

ಉದ್ಯೋಗವನ್ನರಸಿ ಮಹಾನಗರಗಳಿಗೆ ಬಂದು ನೆಲೆಸಿದ ಕನ್ನಡ ಕುಟುಂಬಗಳು ಊರಿನಲ್ಲಿಯೇ ಬಿಟ್ಟುಬಂದ ವಸ್ತುಗಳಲ್ಲಿ ಸೌದೆಯ ಒಲೆಯೂ ಒಂದು. ಅದರ ಹೊಗೆ ಕಣ್ಣಿಗೂ ಶ್ವಾಸಕೋಶಗಳಿಗೂ ಮಾಡುತ್ತಿದ್ದ ಹಾನಿಯನ್ನು ನೆನೆದರೆ, ಬಿಟ್ಟುಬಂದದ್ದು ಒಳ್ಳೆಯದೇ ಆಯಿತು. ಆದರೆ ಆ ಒಲೆಯ ಜೊತೆಗಿದ್ದ ವಿವೇಕವನ್ನೂ ಬಿಟ್ಟುಬರಬೇಕಾಗಿರಲಿಲ್ಲ. ಅನ್ನ ಕುದಿ ಬಂದೊಡನೆ ಸೌದೆಯನ್ನು ಹಿಂದಕ್ಕೆಳೆದು, ಪಾತ್ರೆಯನ್ನು ಕೆಂಡದ ಕಾವಿಗೆ ಬಿಡುತ್ತಿದ್ದರು. ಮಿಕ್ಕ ಶಾಖವು ಕೋಡೊಲೆಯ ಮೇಲಿನ ನೀರನ್ನು ಕಾಯಿಸುತ್ತಿತ್ತು. ಅನಿಲದ ಒಲೆಯ ಮುಂದೆ ಈ ಅಭ್ಯಾಸ ಮರೆತುಹೋಗುವುದುಂಟು.

ಮರೆಯಬಾರದೆಂಬುದಕ್ಕೆ ಭೌತಶಾಸ್ತ್ರದ ಆಧಾರವಿದೆ. ತೆರೆದ ಪಾತ್ರೆಯ ನೀರು ಕುದಿಯತೊಡಗಿದ ಮೇಲೆ ಉರಿಯನ್ನು ಎಷ್ಟು ಹೆಚ್ಚಿಸಿದರೂ ಅದರ ಉಷ್ಣತೆ ಏರುವುದಿಲ್ಲ. ಬೇಳೆಯೂ ಬೇಗ ಬೇಯುವುದಿಲ್ಲ. ಹೆಚ್ಚುವರಿ ಶಾಖವೆಲ್ಲ ಆವಿಯನ್ನು ಹುಟ್ಟಿಸುವುದಕ್ಕೇ ವ್ಯಯವಾಗುತ್ತದೆ. ಒಂದು ಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು 1 ಕ್ಯಾಲೊರಿ ಸಾಕು. ಒಂದು ಗ್ರಾಂ ಕುದಿನೀರನ್ನು ಆವಿಯಾಗಿಸಲು ಸುಮಾರು 540 ಕ್ಯಾಲೊರಿ ಬೇಕು. ಆದ್ದರಿಂದ ಕುದಿ ಬಂದೊಡನೆ ಉರಿಯನ್ನು ತಗ್ಗಿಸುವುದು, ಪಾತ್ರೆಗೆ ಮುಚ್ಚಳ ಹಾಕುವುದು, ಬೇಕಾದಷ್ಟೇ ನೀರಿಡುವುದು, ಇವು ಮೂರೂ ಉಳಿತಾಯದ ಮೊದಲ ಪಾಠಗಳು.

ಪ್ರೆಷರ್ ಕುಕ್ಕರಿನ ಗುಟ್ಟೂ ಇದೇ. 1679ರಲ್ಲಿ ಡೆನಿಸ್ ಪಾಪಿನ್ ತೋರಿಸಿದ ತತ್ತ್ವದಂತೆ, ಆವಿಯನ್ನು ಒಳಗೇ ತಡೆದರೆ ಒತ್ತಡ ಹೆಚ್ಚಿ ನೀರು ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುತ್ತದೆ. ಸಮುದ್ರತೀರದ ಮುಂಬಯಿ, ಚೆನ್ನೈಗಳಲ್ಲಿ 100 ಡಿಗ್ರಿಗೆ ಕುದಿಯುವ ನೀರು, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97 ಡಿಗ್ರಿಗೇ ಕುದಿಯುತ್ತದೆ. ಕುಕ್ಕರು ಈ ವ್ಯತ್ಯಾಸವನ್ನೆಲ್ಲ ಮೀರಿಸುತ್ತದೆ. ಆದರೆ ಸೀಟಿಗಳ ಸಂಖ್ಯೆಯೇ ಬೇಯುವಿಕೆಯ ಅಳತೆಯಲ್ಲ. ಪ್ರತಿ ಸೀಟಿಯಲ್ಲೂ ಶಾಖ ಹೊರಹೋಗುತ್ತದೆ. ಮೊದಲ ಸೀಟಿಯಾದ ಮೇಲೆ ಉರಿಯನ್ನು ಸಣ್ಣದಾಗಿಸಿ, ಆರಿಸಿದ ನಂತರ ಒತ್ತಡ ತಾನಾಗಿ ಇಳಿಯುವವರೆಗೆ ಕಾದರೆ ಒಳಗಿನ ಕಾವೇ ಮಿಕ್ಕ ಕೆಲಸವನ್ನು ಮುಗಿಸುತ್ತದೆ.

ಹುರುಳಿ, ಕಡಲೆ, ಅಲಸಂದೆಗಳನ್ನು ರಾತ್ರಿಯೇ ನೆನೆಸಿಟ್ಟರೆ ಬೇಗ ಬೇಯುತ್ತವೆ; ಆ ನೀರನ್ನು ಚೆಲ್ಲಿದರೆ ಹೊಟ್ಟೆಯುಬ್ಬರವೂ ಕಡಿಮೆ. ದೆಹಲಿಯ ಕನ್ನಡಿಗರ ಅಡುಗೆಯಲ್ಲೂ ಸೇರಿಕೊಂಡಿರುವ ರಾಜ್ಮಾ ವಿಷಯದಲ್ಲಿ ಮಾತ್ರ ಮಿತವ್ಯಯಕ್ಕೆ ಮಿತಿಯಿರಬೇಕು. ಅರೆಬೆಂದ ರಾಜ್ಮಾದಲ್ಲಿ ಉಳಿಯುವ ಲೆಕ್ಟಿನ್ ಎಂಬ ಪದಾರ್ಥ ವಾಂತಿಭೇದಿಯನ್ನು ತರಬಲ್ಲದು. ನೆನೆಸಿದ ಕಾಳನ್ನು ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷವಾದರೂ ಚೆನ್ನಾಗಿ ಕುದಿಸಿ, ಮೆತ್ತಗಾಗುವವರೆಗೆ ಬೇಯಿಸತಕ್ಕದ್ದು.

ಉರಿಯ ಬಣ್ಣವನ್ನೂ ಗಮನಿಸಬೇಕು. ನೀಲಿ ಉರಿ ಪೂರ್ಣ ದಹನದ ಗುರುತು. ಹಳದಿ ಉರಿಯೂ ಪಾತ್ರೆಯ ತಳದ ಮಸಿಯೂ ಗಾಳಿ ಸಾಲದೆಂಬ ಅಥವಾ ಬರ್ನರಿನ ರಂಧ್ರಗಳು ಕಟ್ಟಿವೆಯೆಂಬ ಸೂಚನೆ. ಗಾಳಿ ಸಾಲದೆಡೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆದರೆ ಅದು ಪ್ರಾಣಹಾರಿ. ಫ್ಲ್ಯಾಟುಗಳ ಕಿರಿದಾದ, ಮುಚ್ಚಿದ ಸ್ನಾನದ ಮನೆಗಳಲ್ಲಿ ಅನಿಲದ ಗೀಸರಿನಿಂದ ಸಾವುಗಳು ಸಂಭವಿಸಿರುವುದು ಇದರಿಂದಲೇ. ಅಂತಹ ಗೀಸರು ಸ್ನಾನದ ಮನೆಯ ಹೊರಗೆ, ಗಾಳಿಯಾಡುವ ಸ್ಥಳದಲ್ಲಿರಬೇಕು. ಉರಿ ಅಲುಗುತ್ತದೆಂದು ಅಡುಗೆಮನೆಯ ಕಿಟಕಿಯನ್ನು ಮುಚ್ಚುವುದೂ ತರವಲ್ಲ. ಒಲೆಯನ್ನೇ ನೇರ ಗಾಳಿಯಿಂದ ದೂರ ಸರಿಸಿದರಾಯಿತು. ಸಿಲಿಂಡರಿನ ಅನಿಲ ಗಾಳಿಗಿಂತ ಭಾರವಾದುದರಿಂದ, ಸೋರಿದರೆ ನೆಲದ ಮಟ್ಟದಲ್ಲಿ ಶೇಖರವಾಗುತ್ತದೆ. ವಾಸನೆ ಬಂದೊಡನೆ ರೆಗ್ಯುಲೇಟರನ್ನು ಮುಚ್ಚಿ, ವಿದ್ಯುತ್ ಗುಂಡಿಗಳನ್ನು ಮುಟ್ಟದೆ, ಕಿಟಕಿ ಬಾಗಿಲುಗಳನ್ನು ತೆರೆಯಬೇಕು.

ಭಾರತವು ತಾನು ಬಳಸುವ ಅಡುಗೆ ಅನಿಲದ ಅರ್ಧಕ್ಕಿಂತ ಹೆಚ್ಚನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತದೆ. ಇಂಧನದ ಮಿತಬಳಕೆಯನ್ನು ಜನರಲ್ಲಿ ಪ್ರಚಾರ ಮಾಡಲೆಂದೇ 1978ರಲ್ಲಿ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಸ್ಥೆ ಸ್ಥಾಪಿತವಾಯಿತು. ಆದರೆ ಉಳಿತಾಯ ಆರಂಭವಾಗಬೇಕಾದದ್ದು ಮನೆಯಲ್ಲಿ. 30 ದಿನಗಳಲ್ಲಿ ಮುಗಿಯುವ 14.2 ಕಿಲೋಗ್ರಾಂ ಸಿಲಿಂಡರು 36 ದಿನ ಬಂದರೆ ವರ್ಷಕ್ಕೆ ಎರಡು ಸಿಲಿಂಡರುಗಳು ಉಳಿದಂತಾಗುತ್ತದೆ. ಪಟ್ಟಣದ ಮಿತ ವರಮಾನದ ಸಂಸಾರಕ್ಕೆ ಇದು ಕಡಿಮೆಯ ಗಳಿಕೆಯೇನಲ್ಲ. ಅದಕ್ಕೆ ಹೊಸ ಉಪಕರಣವೇನೂ ಬೇಕಿಲ್ಲ. ಕುದಿ ಬಂದೊಡನೆ ಉರಿಯನ್ನು ತಗ್ಗಿಸುವ ಎಚ್ಚರ ಮನೆಮಂದಿಗೆಲ್ಲ ರೂಢಿಯಾದರೆ ಸಾಕು.