ಶಿರಾಡಿ ದಾರಿಗೆ ಸಾಕ್ಷಿ ಯಾರು?

ಬೆಂಗಳೂರಿನಿಂದ ಹೊರಟ ವಾಹನಗಳು ನೆಲಮಂಗಲದಲ್ಲಿ ಎರಡಾಗಿ ಹಂಚಿಹೋಗುತ್ತವೆ. ಎಡಕ್ಕೆ ಹೊರಳಿದವು ಕುಣಿಗಲ್, ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಮಂಗಳೂರು ಸೇರುತ್ತವೆ. ನೇರ ಹೋದವು ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿಯತ್ತ ಸಾಗುತ್ತವೆ. 2010ಕ್ಕೆ ಮೊದಲು ಎಡಗಡೆಯ ಮಂಗಳೂರು ರಸ್ತೆಯೇ ರಾಷ್ಟ್ರೀಯ ಹೆದ್ದಾರಿ 48, ತುಮಕೂರಿನದು 4. ಆ ವರ್ಷ ಕೇಂದ್ರ ಸರ್ಕಾರ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಹಚ್ಚಿದಾಗ 48 ಪಕ್ಕದ ತುಮಕೂರು ರಸ್ತೆಗೆ ಹೋಯಿತು, ಮಂಗಳೂರು ರಸ್ತೆ 75 ಆಯಿತು. 4 ಎಂಬುದಂತೂ ಕಡಲು ದಾಟಿ ಅಂಡಮಾನಿನ ಪಾಲಾಯಿತು. ಹೀಗಾಗಿ 2005ರ ಪತ್ರಿಕೆಯಲ್ಲಿ ‘ಹೆದ್ದಾರಿ 48ರಲ್ಲಿ ಸಂಚಾರ ಬಂದ್’ ಎಂದಿದ್ದರೆ ಶಿರಾಡಿ ಘಾಟಿಯ ಗುಂಡ್ಯದ ಕಡೆ ನೋಡಬೇಕು. ಇಂದಿನ ಪತ್ರಿಕೆಯಲ್ಲಿ ಅದೇ ಸಾಲಿದ್ದರೆ ಶಿರಾವನ್ನೋ ಹಾವೇರಿಯನ್ನೋ ನೆನೆಯಬೇಕು. ಸಂಖ್ಯೆಯನ್ನೇ ನಂಬಿ ಅಪಘಾತದ ಲೆಕ್ಕ ಕೂಡಿಸುವವರು, ‘48ರ ಇತಿಹಾಸ’ ಬರೆಯುವವರು ಎರಡು ಬೇರೆ ರಸ್ತೆಗಳ ಕಥೆಯನ್ನು ತಮಗೇ ತಿಳಿಯದಂತೆ ಒಂದು ಮಾಡಿಬಿಡುತ್ತಾರೆ. ರಸ್ತೆಯ ಚರಿತ್ರೆಯನ್ನು ಊರಿಂದೂರಿಗೆ ಬಿಡಿಬಿಡಿಯಾಗಿ ಬರೆಯಬೇಕು, ಪ್ರತಿ ತುಂಡಿಗೂ ಬೇರೆ ಸಾಕ್ಷಿ ಕೇಳಬೇಕು ಎಂಬ ನನ್ನ ವಾದಕ್ಕೆ ಈ ಗೊಂದಲ ಮೊದಲ ಕಾರಣ.

ಸಂಖ್ಯೆ ಬದಲಾದದ್ದಷ್ಟೇ ಆಗಿದ್ದರೆ ‘ಹಿಂದಿನ 48, ಈಗಿನ 75’ ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಹಳೆಯ 48ರ ಮೈ ಹೊಸದರಲ್ಲಿ ಇಡಿಯಾಗಿ ಉಳಿದಿಲ್ಲ. ಈಗಿನ 75 ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಶುರುವಾಗಿ ಬೆಂಗಳೂರು, ಕೋಲಾರ, ಮುಳಬಾಗಿಲುಗಳನ್ನು ಹಾದು ತಮಿಳುನಾಡಿನ ವೆಲ್ಲೂರಿನವರೆಗೆ ಹೋಗುತ್ತದೆ. ಬಿ.ಸಿ. ರೋಡಿನಿಂದ ಮಂಗಳೂರಿನವರೆಗಿನ ತುಂಡು ಚಾರ್ಮಾಡಿ ಕಡೆಯಿಂದ ಬರುವ 73ಕ್ಕೆ ಸೇರಿದೆ. ಹಳೆಯ ದಾಖಲೆಯ 328 ಕಿ.ಮೀ.ಯನ್ನು ಹೊಸ ಸಂಖ್ಯೆಯ ಮುಂದೆ ಬರೆದರೆ ಅದು ಎಲ್ಲಿಂದ ಎಲ್ಲಿಗೆ ಅಳೆದದ್ದು ಎಂಬುದೇ ಹೊಂದುವುದಿಲ್ಲ. ನಡುವೆ ಹಾಸನಕ್ಕೂ ಚನ್ನರಾಯಪಟ್ಟಣಕ್ಕೂ ಬೈಪಾಸ್ ಬಂದು ಪೇಟೆಯೊಳಗಿನ ಹಳೇ ದಾರಿ ಹೆದ್ದಾರಿಯಿಂದ ಹೊರಬಿದ್ದಿದೆ. ಇನ್ನೂ ಹಿಂದಕ್ಕೆ ಹೋದರೆ ಅಳತೆ ಮೈಲಿ-ಫರ್ಲಾಂಗಿನದು. ‘ಬ್ರಿಟಿಷರು ಕಟ್ಟಿದ ರಾಷ್ಟ್ರೀಯ ಹೆದ್ದಾರಿ’ ಎಂಬ ಮಾತಿಗೂ ಇದೇ ಗತಿ. ರಸ್ತೆಗಳನ್ನು ರಾಷ್ಟ್ರೀಯ, ಪ್ರಾಂತೀಯ, ಜಿಲ್ಲಾ, ಗ್ರಾಮ ರಸ್ತೆಗಳೆಂದು ವಿಂಗಡಿಸಿದ ನಾಗಪುರ ಯೋಜನೆ ರೂಪುಗೊಂಡದ್ದು 1943ರಲ್ಲಿ. ರಾಷ್ಟ್ರೀಯ ಹೆದ್ದಾರಿ ಕಾಯಿದೆ ಬಂದದ್ದು 1956ರಲ್ಲಿ. ನಾಗಪುರ ಯೋಜನೆಗೂ ಹಿಂದೆ ಇಲ್ಲಿ ರಸ್ತೆ ಇತ್ತು, ರಾಷ್ಟ್ರೀಯ ಹೆದ್ದಾರಿ ಇರಲಿಲ್ಲ.

ಸಕಲೇಶಪುರ ದಾಟಿದ ಕೂಡಲೇ ಗುಡ್ಡದ ಮೇಲೆ ಮಂಜರಾಬಾದ್ ಕೋಟೆ. ಎಂಟು ಮೂಲೆಯ ನಕ್ಷತ್ರದಾಕಾರದ ಈ ಕೋಟೆಯನ್ನು 1792ರಲ್ಲಿ ಕಟ್ಟಿಸಿದವನು ಟಿಪ್ಪು ಸುಲ್ತಾನ. ಅಷ್ಟರ ಬಲದ ಮೇಲೆ ‘ಶಿರಾಡಿ ರಸ್ತೆ ಮಾಡಿಸಿದವನು ಟಿಪ್ಪು’ ಎನ್ನುವವರಿದ್ದಾರೆ. ಕೋಟೆ ಹೇಳುವುದು ಅಷ್ಟನ್ನಲ್ಲ. ಕರಾವಳಿಗೂ ಮೈಸೂರು ಸೀಮೆಗೂ ನಡುವೆ ಈ ಭಾಗದಲ್ಲಿ ಓಡಾಟವಿತ್ತು, ಅದರ ಮೇಲೆ ಕಣ್ಣಿಡುವ ಅಗತ್ಯ ಅರಸನಿಗಿತ್ತು ಎಂಬುದಕ್ಕೆ ಅದು ಗಟ್ಟಿ ಸಾಕ್ಷಿ. ಆ ದಾರಿ ಹೇರೆತ್ತುಗಳು ಸಾಲಾಗಿ ಇಳಿಯುತ್ತಿದ್ದ ಜಾಡೋ, ಗಾಡಿ ಚಕ್ರ ಉರುಳುವಷ್ಟು ಅಗಲದ್ದೋ, ಈಗಿನ ಹೆದ್ದಾರಿ ಬಳಸುವ ತಿರುವುಗಳಲ್ಲೇ ಸಾಗುತ್ತಿತ್ತೋ ಎಂಬ ಪ್ರಶ್ನೆಗಳಿಗೆ ಕೋಟೆಯ ಕಲ್ಲು ಉತ್ತರ ಕೊಡುವುದಿಲ್ಲ. ಘಟ್ಟ ಪ್ರದೇಶದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ: ಎತ್ತು ನೆಟ್ಟಗೆ ಏರಬಲ್ಲ ದಿಣ್ಣೆಯನ್ನು ಗಾಡಿ ಬಳಸಿಕೊಂಡೇ ಹತ್ತಬೇಕು. ಹಾಗಾಗಿ ಗಾಡಿ ರಸ್ತೆ ಬಂದಾಗ ಹಳೆಯ ಜಾಡು ಅಗಲವಾಯಿತು ಎಂದುಕೊಳ್ಳುವಂತಿಲ್ಲ; ಅನೇಕ ಕಡೆ ಅದನ್ನು ಬಿಟ್ಟು ಬೇರೆ ಇಳಿಜಾರೇ ಹಿಡಿಯಬೇಕಾಗುತ್ತದೆ.

ಇನ್ನೊಬ್ಬ ಜನಪ್ರಿಯ ಸಾಕ್ಷಿ ಫ್ರಾನ್ಸಿಸ್ ಬುಕಾನನ್. 1800-01ರಲ್ಲಿ ಅವನು ಮಾಡಿದ ಪ್ರವಾಸದ ಗ್ರಂಥ 1807ರಲ್ಲಿ ಅಚ್ಚಾಯಿತು. ಮೈಸೂರು, ಕೆನರಾ, ಮಲಬಾರಿನ ವಿಷಯ ಬಂದಲ್ಲೆಲ್ಲ ಅವನ ಹೆಸರು ಬರುತ್ತದೆ. ಆದರೆ ಬುಕಾನನ್ ಮಂಗಳೂರಿನ ಕಡೆಯಿಂದ ಕರಾವಳಿ ಹಿಡಿದು ಉತ್ತರಕ್ಕೆ ಸಾಗಿ, ಘಟ್ಟ ಹತ್ತಿದ್ದು ಈಗಿನ ಉತ್ತರ ಕನ್ನಡದಲ್ಲಿ. ಅವನು ಏರದ ಘಾಟಿಯ ಸ್ಥಿತಿಗತಿಗೆ ಅವನನ್ನು ಕಟಕಟೆಗೆ ಕರೆಯುವುದು ಸರಿಯಲ್ಲ. ಮೂಲದ ಪ್ರಾಮಾಣಿಕತೆ ಒಂದು, ಆ ಮೂಲ ಈ ಜಾಗದಲ್ಲಿತ್ತೇ ಎಂಬುದು ಇನ್ನೊಂದು. ಎರಡನೆಯದನ್ನು ಕೇಳುವವರು ಕಡಿಮೆ. ಹತ್ತೊಂಬತ್ತನೆಯ ಶತಮಾನದ ನಡುವಿಗೆ ಬಂದರೆ ಮಂಜರಾಬಾದ್ ಸೀಮೆಯಲ್ಲಿ ಕಾಫಿ ತೋಟಗಳು ಎದ್ದವು, ಬೀಜ ಮಂಗಳೂರಿನ ಬಂದರಿಗೆ ಇಳಿಯಬೇಕಾಯಿತು. 1856ರಿಂದ ಇಲ್ಲಿ ತೋಟಗಾರನಾಗಿದ್ದ ರಾಬರ್ಟ್ ಎಲಿಯಟ್ ಬರೆದ ಪುಸ್ತಕಗಳು ಈ ಕಾಲಕ್ಕೆ ಬಳಕೆಗೆ ಬರುತ್ತವೆ. ಅವನು ಸ್ಥಳದಲ್ಲೇ ಇದ್ದವನು, ನಿಜ. ಆದರೆ ರಸ್ತೆ ಬೇಕೆಂದು ಹಂಬಲಿಸಿದ ವರ್ಗದವನೂ ಹೌದು. ಆ ವರ್ಗದ ಬರಹದಲ್ಲಿ ದಾರಿ ಎಷ್ಟು ಕೆಟ್ಟದ್ದು ಎಂಬ ವರ್ಣನೆ ಸಿಕ್ಕರೆ, ಅಲ್ಲಿ ಅರ್ಜಿಯ ದನಿಯೂ ಬೆರೆತಿರಬಹುದೆಂದುಕೊಂಡೇ ಓದಬೇಕು.

ಗಟ್ಟಿ ಆಧಾರ ಹುಡುಕುವವರಿಗೆ ತೊಡಕಾಗುವುದು ಹಳೆಯ ಗಡಿ. 1956ರ ನವೆಂಬರ್ 1ರವರೆಗೆ ಘಟ್ಟದ ಮೇಲಿನ ಹಾಸನ ಮೈಸೂರಿನದು, ಕೆಳಗಿನ ದಕ್ಷಿಣ ಕನ್ನಡ ಮದರಾಸಿನದು. ಒಂದೇ ರಸ್ತೆಗೆ ಎರಡು ಸರ್ಕಾರ, ಎರಡು ಲೋಕೋಪಯೋಗಿ ಇಲಾಖೆ, ಎರಡು ಬಜೆಟ್. ಮೇಲಿನ ತುಂಡಿನ ಕಾಗದಪತ್ರ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಹುಡುಕಬೇಕು, ಉಪ್ಪಿನಂಗಡಿ-ಬಂಟ್ವಾಳದ ತುಂಡಿನದನ್ನು ಚೆನ್ನೈನ ಎಗ್ಮೋರಿನ ಪತ್ರಾಗಾರದಲ್ಲಿ. ಬೆಂಗಳೂರಲ್ಲಿ ಮಾತ್ರ ಕೂತು ಬರೆದವರ ರಸ್ತೆ ಘಟ್ಟದ ಅಂಚಿನಲ್ಲೇ ನಿಂತುಬಿಡುತ್ತದೆ. ಈ ಶ್ರಮ ತಪ್ಪಿಸಲು ಎಲ್ಲರೂ ಕೈಹಾಕುವುದು ಗ್ಯಾಸೆಟಿಯರಿಗೆ. ಬಿ.ಎಲ್. ರೈಸ್ 1870ರ ದಶಕದಲ್ಲಿ ಹೊರತಂದು 1897ರಲ್ಲಿ ಪರಿಷ್ಕರಿಸಿದ ಗ್ಯಾಸೆಟಿಯರ್, ಸಿ. ಹಯವದನರಾಯರ 1927-30ರ ಸಂಪುಟಗಳು, ಸ್ವಾತಂತ್ರ್ಯಾನಂತರದ ಜಿಲ್ಲಾ ಗ್ಯಾಸೆಟಿಯರುಗಳು, ಇವು ಮೇಲ್ನೋಟಕ್ಕೆ ಬೇರೆಬೇರೆ ಸಾಕ್ಷಿಗಳು. ಆದರೆ ಹಿಂದಿನದನ್ನು ಆಧರಿಸಿ ಮುಂದಿನದನ್ನು ಕಟ್ಟುವುದು ಗ್ಯಾಸೆಟಿಯರುಗಳ ರೂಢಿ. ಮೂರರಲ್ಲೂ ಒಂದೇ ವರ್ಷ ಕಂಡರೆ ಮೂವರು ಹೇಳಿದಂತಾಯಿತೋ, ಒಬ್ಬನ ಮಾತೇ ಮೂರು ಸಲ ಅಚ್ಚಾಯಿತೋ ಎಂದು ವಾಕ್ಯ ವಾಕ್ಯ ಪಕ್ಕಪಕ್ಕ ಇಟ್ಟು ನೋಡದೆ ಹೇಳಲಾಗದು. ‘ಹತ್ತು ಕಡೆ ಬಂದಿದೆ’ ಎಂಬ ಸಮರ್ಥನೆ ಇಲ್ಲೇ ಬಿದ್ದುಹೋಗುತ್ತದೆ.

ಇಷ್ಟು ಕೂದಲು ಸೀಳುವುದೇಕೆ, ‘ಇಂಥ ವರ್ಷ ರಸ್ತೆ ಆಯಿತು’ ಎಂದರೆ ಸಾಲದೇ ಎಂಬುದು ನ್ಯಾಯವಾದ ಪ್ರಶ್ನೆಯೇ. ಕಣ್ಣೆದುರೇ ನಡೆದ ಕೆಲಸವನ್ನು ನೋಡಿ. ಶಿರಾಡಿ ಘಾಟಿಯ ಕಾಂಕ್ರೀಟ್ ಕೆಲಸ ಎರಡು ಹಂತದಲ್ಲಿ ಆಯಿತು. 2015ರಲ್ಲಿ ಒಂದು ಸಲ, 2018ರಲ್ಲಿ ಮತ್ತೊಂದು ಸಲ ತಿಂಗಳುಗಟ್ಟಲೆ ಸಂಚಾರ ನಿಂತಿತ್ತು. 2018ರ ಜುಲೈನಲ್ಲಿ ತೆರೆದ ರಸ್ತೆ ಆಗಸ್ಟ್ ಮಳೆಗೆ ಗುಡ್ಡ ಜರಿದು ಮತ್ತೆ ಮುಚ್ಚಿತು. ಹಾಗಾದರೆ ಕಾಂಕ್ರೀಟ್ ರಸ್ತೆ ಆದ ವರ್ಷ ಯಾವುದು? ಇತ್ತೀಚಿನ ಕೆಲಸಕ್ಕೇ ಒಂದು ವರ್ಷ ಸಾಲದಿದ್ದರೆ, ಒಂದು ಮಳೆಗಾಲದಲ್ಲಿ ಕೊಚ್ಚಿ ಇನ್ನೊಂದು ಬೇಸಗೆಯಲ್ಲಿ ಕಟ್ಟಿಕೊಳ್ಳುತ್ತಿದ್ದ ಗಾಡಿ ರಸ್ತೆಗೆ ಒಂದೇ ಜನ್ಮವರ್ಷ ಎಲ್ಲಿಂದ ಬರಬೇಕು? ಮಂಜೂರಾತಿ, ಕೆಲಸದ ಆರಂಭ, ಸೇತುವೆ ಮುಗಿದದ್ದು, ಗಾಡಿ ಬಿಟ್ಟದ್ದು, ಎಲ್ಲಕ್ಕೂ ಬೇರೆಬೇರೆ ತಾರೀಖಿರುತ್ತದೆ. ಬರೆದವರು ಯಾವುದನ್ನು ಎತ್ತಿಕೊಂಡರು ಎಂದು ಹೇಳದಿದ್ದರೆ ಆ ವರ್ಷ ತಪ್ಪೆಂದೂ ಸರಿಯೆಂದೂ ತೋರಿಸಲು ಬರುವುದಿಲ್ಲ.

ಇದಕ್ಕಿಂತ ಭಾರವಾದ ಆಕ್ಷೇಪ ಇನ್ನೊಂದಿದೆ. ಕಾಗದವನ್ನೇ ನೆಚ್ಚಿದರೆ ಕಾಗದ ಬರೆದವರ ಚರಿತ್ರೆಯೇ ಉಳಿಯುತ್ತದೆ. ಆಡಳಿತ ವರದಿಯಲ್ಲಿ ಎಂಜಿನಿಯರನ ಹೆಸರಿರುತ್ತದೆ, ಮಲೆನಾಡಿನ ಚಳಿಜ್ವರದ ನಡುವೆ ಜಲ್ಲಿ ಒಡೆದವರ ಹೆಸರಿರುವುದಿಲ್ಲ. ಒಪ್ಪತಕ್ಕ ಮಾತು. ಹಾಗೆಂದು ಊರಿನ ಹೇಳಿಕೆಯನ್ನು ತಪಾಸಣೆಯಿಲ್ಲದೆ ಒಳಬಿಟ್ಟರೆ ಆ ಕೂಲಿಕಾರರು ಬರುವುದಿಲ್ಲ, ಬಹುಪಾಲು ಟಿಪ್ಪುವೋ ದೊರೆಗಳೋ ಬರುತ್ತಾರೆ. ಬಾಯಿಮಾತಿನ ಪರಂಪರೆಗೂ ದೊಡ್ಡ ಹೆಸರಿನ ಚಪಲವಿದೆ. ಊರವರ ಜ್ಞಾನ ನಿಜಕ್ಕೂ ಗಟ್ಟಿಯಾಗಿರುವುದು ಜಾಗದ ವಿಷಯದಲ್ಲಿ. ಹೆದ್ದಾರಿಯಿಂದ ಸರಿದು ಕಾಡೊಳಗೆ ಬಿದ್ದ ಹಳೇ ತಿರುವು ಎಲ್ಲಿದೆ, ಹೊಳೆಗೆ ಸೇತುವೆ ಬರುವ ಮೊದಲು ಎಲ್ಲಿ ದಾಟುತ್ತಿದ್ದರು ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ಕಡತಕ್ಕೂ ಗೊತ್ತಿಲ್ಲ. ಅವರು ‘ಹಳೇ ರಸ್ತೆ’ ಎಂದು ತೋರಿಸುವ ಜಾಡನ್ನು ಇಂಚಿಗೊಂದು ಮೈಲಿಯ ಹಳೆಯ ಸರ್ವೆ ನಕಾಶೆಯ ಮೇಲೆ ಗುರುತು ಹಾಕಿ ನೋಡಬಹುದು. ಹೊಂದಿದ ಕಡೆ ನಕಾಶೆಯ ವರ್ಷ ಬರೆದು, ಅಷ್ಟರೊಳಗೆ ಆ ತಿರುವು ಇತ್ತು ಎನ್ನಬಹುದು. ಹೊಂದದ ಕಡೆ ‘ಇದು ಊರವರ ಹೇಳಿಕೆ’ ಎಂದು ಮರೆಮಾಚದೆ ಬರೆದು ಮುಂದಿನ ತುಂಡಿಗೆ ಹೋಗಬಹುದು.