ಗೋಡೆಯ ಮೇಲೆ ಪಿಕಾಸೊ, ತಲೆಯ ಮೇಲೆ ಸಾಲ

ನವೆಂಬರ್ 2002. ನ್ಯೂಯಾರ್ಕಿನ ಸದಬೀಸ್ ಹರಾಜಿಗೆ ಒಬ್ಬನೇ ಮನುಷ್ಯನ ಕಲಾಸಂಗ್ರಹ ಬಂತು. ಮೊಡಿಲಿಯಾನಿ, ಡೆಗಾ, ಪಿಕಾಸೊ ಇದ್ದ ಮನೆಯದು. ಸುಮಾರು 1 ಕೋಟಿ 90 ಲಕ್ಷ ಡಾಲರ್ ಸಿಕ್ಕಿತು. ಹಣ ಹೋಗಿದ್ದು ಸಾಲ ಕೊಟ್ಟವರ ಕೈಗೆ.

ಆ ಮನುಷ್ಯ ಬಾಬ್ ಗುಚಿಯೋನಿ, ಪೆಂಟ್‌ಹೌಸ್ ಪತ್ರಿಕೆಯ ಮಾಲೀಕ. ಹೌದು, ಬೆತ್ತಲೆ ಚಿತ್ರಗಳ ಅದೇ ಪತ್ರಿಕೆ! ಮುಖ ತಿರುಗಿಸಬೇಡಿ, ಕಥೆ ಇರೋದು ದುಡ್ಡಿನದು.

1930ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಈತನಿಗೆ ಆಗಬೇಕಿದ್ದದ್ದು ಚಿತ್ರಕಾರ. ಅದರಲ್ಲಿ ಹೊಟ್ಟೆ ತುಂಬಲಿಲ್ಲ. 1965ರಲ್ಲಿ ಲಂಡನ್ನಿನಲ್ಲಿ ಪತ್ರಿಕೆ ಶುರುಮಾಡಿದಾಗ ಫೋಟೊಗ್ರಾಫರ್‌ಗೆ ಕೊಡೋಕೂ ಕಾಸಿಲ್ಲ, ತಾನೇ ಕ್ಯಾಮೆರಾ ಹಿಡಿದ. ಆ ಮಂದ ಬೆಳಕಿನ ಫೋಟೊಗಳಲ್ಲಿ ಚಿತ್ರಕಾರನ ಕಣ್ಣಿತ್ತು. 1969ರಲ್ಲಿ ಅಮೆರಿಕಕ್ಕೆ ಬಂದು ಪ್ಲೇಬಾಯ್‌ಗೇ ಸವಾಲು ಹಾಕಿದ. 1982ರಲ್ಲಿ ಫೋರ್ಬ್ಸ್ ಪಟ್ಟಿ ಇವನ ಆಸ್ತಿಯನ್ನು 40 ಕೋಟಿ ಡಾಲರ್ ಅಂತ ಲೆಕ್ಕ ಹಾಕಿತು. 1984ರಲ್ಲಿ ಮಿಸ್ ಅಮೆರಿಕ ವನೆಸ್ಸಾ ವಿಲಿಯಮ್ಸ್ ಅವರ ಹಳೆಯ ಫೋಟೊಗಳನ್ನು ಛಾಪಿಸಿದ. ಛಾಪಿಸಲು ತಾನು ಒಪ್ಪಿಗೆ ಕೊಟ್ಟೇ ಇಲ್ಲ ಅಂದರು ಆಕೆ. ಆಕೆಯ ಕಿರೀಟ ಹೋಯಿತು, ಇವನ ಸಂಚಿಕೆ ಲಕ್ಷಗಟ್ಟಲೆ ಖರ್ಚಾಯಿತು. ಇದನ್ನು ಸಾಹಸ ಅಂತ ನಾನಂತೂ ಕರೆಯಲಾರೆ.

ಸರಿ, ಬಂದ ಹಣ ಎಲ್ಲಿಗೆ ಹೋಯಿತು? 1978ರಲ್ಲಿ ಓಮ್ನಿ ಅನ್ನೋ ವಿಜ್ಞಾನ ಪತ್ರಿಕೆ ತಂದ, ಅದು ನಿಜಕ್ಕೂ ಒಳ್ಳೆಯ ಪತ್ರಿಕೆ. ಅಟ್ಲಾಂಟಿಕ್ ಸಿಟಿಯಲ್ಲಿ ಕ್ಯಾಸಿನೊ ಕಟ್ಟಹೊರಟ. ವೆರಾ ಕೋಕಿಂಗ್ ಎಂಬ ಮಹಿಳೆ 10 ಲಕ್ಷ ಡಾಲರ್ ಕೊಡ್ತೀನಂದರೂ ತಮ್ಮ ಮನೆ ಬಿಡಲಿಲ್ಲ. ಮನೆಯ ಸುತ್ತಲೇ ಉಕ್ಕಿನ ಚೌಕಟ್ಟು ಎದ್ದಿತು. ಆಮೇಲೆ ದುಡ್ಡು ಮುಗಿಯಿತು, ಚೌಕಟ್ಟು ತುಕ್ಕು ಹಿಡಿಯುತ್ತಾ ನಿಂತಿತು. 1993ರಲ್ಲಿ ಆ ಜಾಗ ಕೊಂಡವರು ಯಾರು ಗೊತ್ತಾ? ಡೊನಾಲ್ಡ್ ಟ್ರಂಪ್. ಅವರಿಗೂ ಆ ಮನೆ ದಕ್ಕಲಿಲ್ಲ.

ಎಂಜಿನಿಯರಿಂಗ್ ಓದಿದ ನನಗೆ ವಿಚಿತ್ರ ಅನ್ನಿಸೋದು ಇನ್ನೊಂದು. ಸೂರ್ಯನಲ್ಲಿ ನಡೆಯುವಂತೆ ಪರಮಾಣು ಬೀಜಗಳನ್ನು ಬೆಸೆದು ವಿದ್ಯುತ್ ತೆಗೆಯುವ ಪುಟ್ಟ ರಿಯಾಕ್ಟರ್‌ಗಾಗಿ ವಿಜ್ಞಾನಿ ರಾಬರ್ಟ್ ಬಸಾರ್ಡ್ ಅವರ ಯೋಜನೆಗೆ ಈತ ಕೋಟಿಗಟ್ಟಲೆ ಸುರಿದ. ಸರ್ಕಾರಗಳೇ ದಶಕಗಳಿಂದ ಬೆವರು ಸುರಿಸುತ್ತಿರುವ ಕೆಲಸ ಅದು, ಒಂದು ಪತ್ರಿಕೆಯ ಲಾಭದಲ್ಲಿ ಆಗುತ್ತಾ? ಆ ಯಂತ್ರ ಕಟ್ಟಲೇ ಇಲ್ಲ.

ಇಷ್ಟಕ್ಕೂ ಆಧಾರ ಒಂದೇ: ಓದುಗ ತಿಂಗಳು ತಿಂಗಳು ದುಡ್ಡು ಕೊಟ್ಟು ಪತ್ರಿಕೆ ಕೊಳ್ಳುತ್ತಲೇ ಇರ್ತಾನೆ ಅನ್ನೋ ನಂಬಿಕೆ. ಅದರ ಮೇಲೇ ಸಾಲ ಎತ್ತಿದ್ದು. ಮೊದಲು ವಿಡಿಯೊ ಕ್ಯಾಸೆಟ್ ಬಂತು, ಆಮೇಲೆ ಇಂಟರ್ನೆಟ್. ಇವನು ಮಾರುತ್ತಿದ್ದದ್ದು ಪುಕ್ಕಟೆ ಸಿಗತೊಡಗಿತು. ಪ್ರಸಾರ ಕುಸಿಯಿತು, ಬಡ್ಡಿ ಮಾತ್ರ ಕುಸಿಯಲಿಲ್ಲ.

ಚಿತ್ರಗಳು ಹೋದ ಮರುವರ್ಷ, 2003ರಲ್ಲಿ, ಕಂಪನಿ ದಿವಾಳಿ ಅರ್ಜಿ ಹಾಕಿತು. ಮ್ಯಾನ್‌ಹಟನ್ನಿನ ಬಂಗಲೆಯೂ ಕೈಬಿಟ್ಟಿತು. 2010ರಲ್ಲಿ ಟೆಕ್ಸಾಸ್‌ನ ಪ್ಲೇನೋದಲ್ಲಿ ಗುಚಿಯೋನಿ ತೀರಿಕೊಂಡ. ಅಷ್ಟರೊಳಗೆ ಆತ ಮತ್ತೆ ಕುಂಚ ಹಿಡಿದು, ತನ್ನದೇ ಚಿತ್ರಗಳ ಪ್ರದರ್ಶನವನ್ನೂ ಮಾಡಿದ್ದ.