ತೊಪ್ಪೂರು ಘಾಟಿಯೂ ಟ್ರೇಲರಿನ ಪಟ್ಟಿಗಳೂ
ಧರ್ಮಪುರಿಯಿಂದ ಸೇಲಂ ಕಡೆಗೆ ಇಳಿಯುವ ತೊಪ್ಪೂರು ಘಾಟಿಯಲ್ಲಿ ಅವಘಡವಾದರೆ ಎಲ್ಲರೂ ದೂರುವುದು ಬ್ರೇಕನ್ನು; ಟ್ರೇಲರಿನ ಸ್ಪ್ರಿಂಗ್ ಪಟ್ಟಿಗಳನ್ನು ಬಗ್ಗಿ ನೋಡುವವರು ವಿರಳ. ಪಟ್ಟಿಗಳ ನಡುವಿನ ಬೋಲ್ಟು ತುಂಡಾದರೆ ಆಕ್ಸಲ್ ನೆಲೆ ತಪ್ಪಿ ಬಂಡಿಯೇ ಓರೆಯಾಗಿ ಓಡುತ್ತದೆ. ಗ್ರೀಸು ಕಾಣದ ಶ್ಯಾಕಲ್ ಪಿನ್ನು ಬುಷ್ಷನ್ನು ತಿನ್ನುತ್ತದೆ. ಹೊಸ ಪಟ್ಟಿ ಕಟ್ಟಿಸಿದ ಬಳಿಕ, ಕೆಲವು ನೂರು ಕಿಲೋಮೀಟರು ಓಡಿಸಿ, ಯು-ಬೋಲ್ಟುಗಳನ್ನು ಮತ್ತೆ ಬಿಗಿಯತಕ್ಕದ್ದು.

ಸಂಕಗಿರಿಯ ಲಾರಿ ಮಾಲೀಕರಿಗೆ ಇದನ್ನು ವಕೀಲನು ಹೇಳಿಕೊಡಬೇಕಾಗಿಲ್ಲ. ಹೇಳಬೇಕಾದುದು ಬೇರೆ: ಪಟ್ಟಿಯೊಂದನ್ನು ಹೆಚ್ಚಿಗೆ ಸೇರಿಸಿದ ಮಾತ್ರಕ್ಕೆ ಹೆಚ್ಚು ಭಾರ ಹೇರುವ ಹಕ್ಕು ಹುಟ್ಟದು. ನೋಂದಣಿ ಪತ್ರದ ತೂಕವೇ ಮಿತಿ. 1988ರ ಮೋಟಾರು ವಾಹನ ಕಾಯ್ದೆಯ 194ನೆಯ ಕಲಮಿನ ಪ್ರಕಾರ, 2019ರ ತಿದ್ದುಪಡಿಯಿಂದೀಚೆಗೆ, ಮಿತಿಮೀರಿದ ಭಾರಕ್ಕೆ ದಂಡ 20,000 ರೂಪಾಯಿ. ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000. ಅಪಘಾತದ ಮೊಕದ್ದಮೆಯಲ್ಲಿ ಪಟ್ಟಿ ಬದಲಿಸಿದ ರಸೀದಿ ಕೇಳಿದರೆ, ಅನೇಕರು ನನ್ನ ಮುಖವನ್ನೇ ನೋಡುತ್ತಾರೆ.